ಹೆಸರು ತೊಳೆದುಹೋದ ಕಡ್ಡಿಗಳು

ಮೊನ್ನೆ ಹಿತ್ತಲಿಗೆ ಹೋಗುವ ಅವಸರದಲ್ಲಿ ನನ್ನ ಕೋಟು ಸಿಗದೆ ನಮ್ಮವರ ಮಳೆ ಕೋಟನ್ನೇ ಏರಿಸಿಕೊಂಡು ಹೊರಟೆ. ಕಿಸೆಯಲ್ಲಿ ಕೈ ಇಟ್ಟರೆ ಒಂದು ಮುದ್ದೆಯಾದ ಕರ್ಚೀಫು, ದೇವಸ್ಥಾನದ ಕುಂಕುಮದ ಪೊಟ್ಟಣ, ತಳದಲ್ಲಿ ಒಂದು ಬಿಳಿ ಪ್ಲಾಸ್ಟಿಕ್ ಕಡ್ಡಿ. ನರ್ಸರಿಯಲ್ಲಿ ಗಿಡದ ಬುಡಕ್ಕೆ ಚುಚ್ಚಿರುತ್ತಾರಲ್ಲ, ಗಿಡದ ಹೆಸರು ಬರೆದು, ಅದು. ಆದರೆ ಇದರ ಮೇಲೆ ಹೆಸರಿರಲಿಲ್ಲ. ನಾವು ನೆಲೆಸಿದ ಈ ಪರದೇಶದ ಊರು ಬಾಥೆಲ್ಲಿನ ಮಳೆ ನಮ್ಮ ಕಡೆಯ ಮಳೆಯ ಹಾಗೆ ಬಂದು ಹೊಡೆದು ಹೋಗುವುದಿಲ್ಲ. ಅಕ್ಟೋಬರಿನಲ್ಲಿ ಶುರುವಾದರೆ ತೊಟತೊಟ ಅಂತ ಬೇಸಿಗೆಯವರೆಗೂ ಕೂತು, ಪೆನ್ಸಿಲಿನಲ್ಲಿ ಬರೆದ ಅಕ್ಷರವನ್ನೆಲ್ಲ ನಿಧಾನಕ್ಕೆ ತೊಳೆದುಬಿಡುತ್ತದೆ. ನಮ್ಮ ಹಿತ್ತಲಲ್ಲಿ ಇಂಥ ಖಾಲಿ ಕಡ್ಡಿಗಳು ಈಗಲೂ ಗಿಡಗಿಡಕ್ಕೂ ನಿಂತಿವೆ.

ಬರೆದವರು ನಮ್ಮವರು. ಅವರ ಹೆಸರು ಇಲ್ಲಿ ಹೇಳುವುದಿಲ್ಲ, ಬೇಜಾರು ಮಾಡಿಕೊಳ್ಳಬೇಡಿ. ನಾನು ಧಾರವಾಡದವಳು. ನಮ್ಮ ಮನೆತನದಲ್ಲಿ ಗಂಡನ ಹೆಸರನ್ನು ಹೆಂಡತಿ ಹೇಳುವ ರೂಢಿಯಿಲ್ಲ. ಹಾಗಂತ ನನ್ನನ್ನು ಸೆರಗು ಹೊದ್ದು ಮೂಲೆಯಲ್ಲಿ ನಿಂತವಳು ಅಂದುಕೊಂಡೀರಿ ಮತ್ತೆ. ಇಲ್ಲಿನ ಫ್ರೀವೇಯಲ್ಲಿ ಲಾರಿಗಳ ನಡುವೆ ಕಾರು ತೂರಿಸುತ್ತೇನೆ, ಮನೆಯ ಟ್ಯಾಕ್ಸ್ ಎಲ್ಲ ನಾನೇ ಫೈಲ್ ಮಾಡುತ್ತೇನೆ, ಮನೆಯ ಸೂರಿನ ಗಟಾರು ಕಟ್ಟಿಕೊಂಡರೆ ಏಣಿ ಹಾಕಿ ಹತ್ತುತ್ತೇನೆ. ಹೆಸರು ಮಾತ್ರ ನಾಲಿಗೆಯ ತುದಿಗೆ ಬಂದು ಹಿಂದಕ್ಕೆ ಹೋಗುತ್ತದೆ. ಅವರೂ ನನ್ನ ಹೆಸರು ಹಿಡಿದು ಕರೆದವರಲ್ಲ. "ಕೇಳಿಸ್ತೇನು?" ಅಂದರೆ ನಾನು. "ಇಲ್ಲೆ ಬಾ" ಅಂದರೆ ನಾನು. ಕ್ರಾಸ್‌ರೋಡ್ಸಿನ ನಮ್ಮ ದೇಶದ ದಿನಸಿ ಅಂಗಡಿಯಲ್ಲಿ ಅವರು ಅಕ್ಕಿಯ ಚೀಲಗಳ ಹತ್ತಿರ ನಿಂತು ಗಂಟಲು ಸರಿಮಾಡಿಕೊಂಡರೆ, ಉಪ್ಪಿನಕಾಯಿಯ ಸಾಲಿನಲ್ಲಿದ್ದ ನಾನು ತಿರುಗಿ ನೋಡುತ್ತಿದ್ದೆ. ಅಷ್ಟರಲ್ಲೇ ಸಂಸಾರ ನಡೆದುಹೋಯಿತು.

ಹೆಸರಿನ ವಿಷಯದಲ್ಲಿ ನಮ್ಮದು ಮೊದಲಿನಿಂದಲೂ ಸ್ವಲ್ಪ ಎಡವಟ್ಟೇ. ನಮ್ಮ ಕಡೆ ಮದುವೆಯಲ್ಲಿ ಸೊಸೆಗೆ ಹೊಸ ಹೆಸರಿಡುತ್ತಾರೆ. ಹರಿವಾಣದಲ್ಲಿ ಅಕ್ಕಿ ಹರಡಿ, ಮದುಮಗ ಉಂಗುರದಿಂದ ಅದರಲ್ಲಿ ಹೆಸರು ಬರೆಯಬೇಕು. ತವರಿನಲ್ಲಿ ನಾನು ಶಾರದಾ. ಅವರ ಸೋದರತ್ತೆ ಆರಿಸಿದ ಹೆಸರು ವಸುಧಾ. ಇವರು ತಲೆ ಬಗ್ಗಿಸಿ ಅಕ್ಕಿಯಲ್ಲಿ ವಸುಧಾ ಅಂತಲೇ ಬರೆದರು. ಆಮೇಲೆ ಮನೆ ತುಂಬಿಸಿಕೊಳ್ಳುವ ಹೊತ್ತು. ಇವರ ಅಕ್ಕತಂಗಿಯರು ಬಾಗಿಲು ಹಾಕಿಕೊಂಡು, ಒಡಪು ಕಟ್ಟಿ ಹೆಂಡತಿಯ ಹೆಸರು ಹೇಳಿದರೇನೇ ಒಳಗೆ ಬಿಡುವುದು ಅಂತ ಹಟ ಹಿಡಿದರು. ಒಡಪು ಅಂದರೆ ಪ್ರಾಸ ಹಾಕಿ ಹೆಸರು ಸೇರಿಸುವ ಎರಡು ಸಾಲು. ಇವರು ಇಂಜಿನಿಯರಿಂಗ್ ಪರೀಕ್ಷೆಗೆ ಓದಿದ ಹಾಗೆ ವಾರವಿಡೀ ಕಟ್ಟಿ ಬಾಯಿಪಾಠ ಮಾಡಿಕೊಂಡು ಬಂದಿದ್ದರು. ನೆಲ ನೋಡುತ್ತ ಒಂದೇ ಉಸಿರಿಗೆ ಹೇಳಿದರು:

"ಹಿತ್ತಲದಾಗ ಅರಳ್ಯಾವ ಅಬ್ಬಲಿಗಿ ಹೂವ,
ಶಾರದಾ ಬಂದಾಳ, ಬಾಗಲಾ ತಗಿಯವ್ವ."

ಒಳಗೆ ನಗುವೋ ನಗು. "ಏ ತಮ್ಮಾ, ಆ ಹೆಸರು ಹೋತು. ಈಗ ಇಟ್ಟದ್ದು ಹೇಳು" ಅಂತ ಸೋದರತ್ತೆ ಒಳಗಿನಿಂದಲೇ ಗದರಿದರು. ಹೆಸರೊಂದು ಬದಲಿಸಿದ್ದರೆ ಸಾಕಿತ್ತು, ಬಾಯಿಪಾಠ ಮಾಡಿದ್ದನ್ನು ತಿದ್ದಲು ಇವರಿಗೆ ನಾಲಿಗೆ ಹೊರಳಲಿಲ್ಲ. ಕಿವಿ ಕೆಂಪು ಮಾಡಿಕೊಂಡು ನಿಂತರು. ಕಡೆಗೆ ನಮ್ಮ ಅತ್ತೆಯೇ "ಸಾಕ ಬಿಡ್ರಿ, ಬಿಸಲಾಗ ನಿಂತಾರ" ಅಂತ ಬಾಗಿಲು ತೆಗೆದರು. ಅವತ್ತಿನ ನಾಚಿಕೆಗೋ ಏನೋ, ಆ ಮೇಲೆ ಇವರು ಎರಡರಲ್ಲಿ ಯಾವ ಹೆಸರನ್ನೂ ಬಾಯಲ್ಲಿ ತರಲಿಲ್ಲ. ಪಾಸ್‌ಪೋರ್ಟು, ವೀಸಾ, ಮನೆಯ ಕಾಗದ ಎಲ್ಲದರಲ್ಲೂ ನಾನು ವಸುಧಾ ಆದೆ. ಶಾರದಾ ಅಂತ ಕರೆಯುತ್ತಿದ್ದವರು ತವರಿನ ಹಿರಿಯರು, ಅವರೆಲ್ಲ ಒಬ್ಬೊಬ್ಬರಾಗಿ ಹೋದರು.

ಇಂಥ ಮನುಷ್ಯನಿಗೆ ಗಿಡಗಳ ಹೆಸರಿನ ಮೇಲೆ ಎಂಥ ಹಟ ಅಂತೀರಿ. ವೈದ್ಯಕೀಯ ಉಪಕರಣ ಮಾಡುವ ಕಂಪನಿಯಲ್ಲಿ ಕೆಲಸ, ಕೂದಲೆಳೆಯಷ್ಟು ತಪ್ಪಾದರೂ ನಡೆಯದು. ಅದೇ ಅಭ್ಯಾಸ ಹಿತ್ತಲಿಗೂ ಬಂತು. ನಾನು ನನಗೆ ತೋಚಿದ ಹಾಗೆ ಕರೆಯುವವಳು. ಫ್ಯೂಷಿಯಾ ಅನ್ನುವ ಗಿಡದಲ್ಲಿ ಕೆಂಪು ನೇರಳೆ ಹೂವು ಕಿವಿಯ ಝುಮಕಿಯ ಹಾಗೇ ತೂಗುತ್ತದೆ, ಹಾಗಾಗಿ ಅದು ಝುಮಕಿ ಹೂವು. ಕ್ರೊಕಾಸ್ಮಿಯಾದ ಬಳುಕುವ ಕಡ್ಡಿಯಲ್ಲಿ ಕೆಂಡದ ಬಣ್ಣದ ಹೂವು ಸಾಲಾಗಿ ಅರಳುತ್ತವೆ, ಅದು ದೀಪದ ಹೂವು. ಚಳಿಗಾಲದಲ್ಲಿ ಹಳದಿ ತೆನೆ ಬಿಡುವ, ಮುಟ್ಟಿದರೆ ಚುಚ್ಚುವ ಮಹೋನಿಯಾಕ್ಕೆ ನಾನಿಟ್ಟ ಹೆಸರು ಸಿಟ್ಟಿನ ಗಿಡ. ಇವರಿಗೆ ಮೈ ಉರಿಯುತ್ತಿತ್ತು. "ಅದಕ್ಕೊಂದು ಹೆಸರದ. ಬರದು ಚುಚ್ಚೇನಿ. ಓದ್ಲಿಕ್ಕೆ ಬರ್ತದಲ್ಲ ನಿನಗ?" ಅನ್ನುತ್ತಿದ್ದರು. ಶನಿವಾರ ಊಟಕ್ಕೆ ಬಂದವರನ್ನು ಹಿಡಿದು ಗಿಡಗಿಡದ ಮುಂದೆ ನಿಲ್ಲಿಸಿ ಪರಿಚಯ ಮಾಡಿಸುತ್ತಿದ್ದರು. ಒಳಗೆ ನಾನು ಕರಿದಿಟ್ಟ ಭಜಿ ಮೆತ್ತಗಾಗುತ್ತಿದ್ದವು.

ನನಗೂ ಅವರಿಗೂ ದೊಡ್ಡ ಜಗಳ ಅಂದರೆ ಪೂಜೆಯ ಹೂವಿನದು. ನಾನು ಬೆಳಗಾದರೆ ಬುಟ್ಟಿ ಹಿಡಿದು ಹೊರಡುವವಳು. ಸಣ್ಣವಳಿದ್ದಾಗ ಅಜ್ಜಿಯ ಜೊತೆ ಹೂವು ಹರಿಯಲು ಹೋಗುತ್ತಿದ್ದೆ. ಅಜ್ಜಿಗೆ ಕಣ್ಣು ಮಂಜು, ಎಟುಕುವಷ್ಟು ಅವಳು, ಎಟುಕದ್ದು ನಾನು. ಪಕ್ಕದ ಮನೆಯವರ ದಾಸವಾಳ ಕಂಪೌಂಡಿನಿಂದ ಆಚೆ ಬಾಗಿರುತ್ತಿತ್ತು, ಬಾಗಿದ್ದು ನಮ್ಮದೇ ಅನ್ನುವುದು ಅಜ್ಜಿಯ ಕಾಯಿದೆ. ಆ ದಾಸವಾಳಕ್ಕೆ ಒಂದು ಸೂರಕ್ಕಿ ಬಂದು ಕೊಕ್ಕು ಇಳಿಬಿಟ್ಟು ಕೂರುತ್ತಿತ್ತು. ನಾನು ಕೈ ಚಾಚಿದರೆ ಅಜ್ಜಿ ತಡೆಯುತ್ತಿದ್ದಳು. "ತಡಿಯ, ಅದೂ ಪೂಜಿಗೆ ಕೂತದ. ಮುಗಿಸಲಿ." ಅದು ಹಾರಿಹೋಗುವ ತನಕ ಇಬ್ಬರೂ ಒದ್ದೆ ಹುಲ್ಲಿನಲ್ಲಿ ನಿಂತಿರುತ್ತಿದ್ದೆವು. ಪಾದಕ್ಕೆ ಅಂಟಿದ ಹುಲ್ಲಿನ ತುಣುಕು ಸ್ಕೂಲಿಗೆ ಹೋಗುವವರೆಗೂ ಹಾಗೇ ಇರುತ್ತಿತ್ತು.

ಹಾಗಾಗಿ ಇಲ್ಲಿ ಮೊದಲ ಸಲ ಝುಮಕಿ ಹೂವಿನ ಮುಂದೆ ಹೆಬ್ಬೆರಳಿನಷ್ಟು ಹಕ್ಕಿ ಕಂಡಾಗ ನಾನು ಒಲೆ ಬಿಟ್ಟು ಓಡಿಬಂದಿದ್ದೆ. "ನೋಡ್ರಿ, ನಮ್ಮ ಸೂರಕ್ಕಿ. ಇಷ್ಟು ದೂರ ಬಂದದ." ಇವರು ನೋಡಿ, ನಗದೆ, "ಅಲ್ಲ" ಅಂದರು. "ಸೂರಕ್ಕಿ ಕೂತು ಕುಡೀತದ. ಇದು ನಿಂತು ಕುಡೀತದ, ಗಾಳ್ಯಾಗ. ಹಮ್ಮಿಂಗ್‌ಬರ್ಡ್." ನಿಜವೇ. ಹೂವಿನ ಮುಂದೆ ಏನನ್ನೂ ಹಿಡಿಯದೆ, ರೆಕ್ಕೆ ಕಾಣದಷ್ಟು ಬಡಿಯುತ್ತ, ಗುಂಯ್ ಅನ್ನುತ್ತ ನಿಂತಿತ್ತು. ಅವತ್ತಿನಿಂದ ಇವರ ಕಾನೂನು ಬಂತು. ಬಿಳಿ ಹೂವು, ಸೇವಂತಿಗೆ, ಗುಲಾಬಿ ದೇವರಿಗೆ. ಕೊಳವೆಯಂಥ ಕೆಂಪು ಹೂವೆಲ್ಲ ಹಕ್ಕಿಗೆ. "ಕೆಂಪು ಬಿಡು, ಅವು ಹಕ್ಕೀವು." ನಮ್ಮ ದೇವಿಗೆ ಕೆಂಪೇ ಇಷ್ಟ ಅಂತ ನಾನು ವಾದ ಮಾಡಿದೆ. ಮೊದಲ ವರ್ಷ ಅವರು ಆಫೀಸಿಗೆ ಹೋದ ಮೇಲೆ ಹರಿದು ಏರಿಸಿಯೂ ಬಿಟ್ಟೆ. ಸಂಜೆ ಬಂದು ದೇವರ ಮುಂದೆ ನಿಂತು ಎಣಿಸಿದವರ ಹಾಗೆ ನೋಡಿದರು. ಮರುದಿನದಿಂದ ನಾನೇ ಬಿಟ್ಟುಬಿಟ್ಟೆ.

ಇಲ್ಲಿ ಬರುವ ಹಮ್ಮಿಂಗ್‌ಬರ್ಡುಗಳಲ್ಲಿ ಎರಡು ಜಾತಿ, ಇವರು ಹೇಳಿಕೊಟ್ಟಿದ್ದು. ಆನಾ ಅನ್ನುವುದು ವರ್ಷವಿಡೀ ಇಲ್ಲೇ ಇರುತ್ತದೆ. ಬೆನ್ನು ಹಸಿರು, ಗಂಡಿನ ಕತ್ತು ಬಿಸಿಲಿಗೆ ತಿರುಗಿದಾಗ ಗುಲಾಬಿ ಬಣ್ಣ ಹೊಡೆಯುತ್ತದೆ. ಹಿಮ ಬಿದ್ದಾಗ ಸಿಟ್ಟಿನ ಗಿಡದ ಹಳದಿ ತೆನೆಯೇ ಅದರ ಊಟ, ಜೊತೆಗೆ ನಾವು ತೂಗುಹಾಕಿದ ಸಕ್ಕರೆ ನೀರು. ಇನ್ನೊಂದು ರೂಫಸ್. ಉಜ್ಜಿದ ತಾಮ್ರದ ಚೊಂಬಿನ ಬಣ್ಣ, ಗೇಣಿಲ್ಲದಿದ್ದರೂ ಗಜದಷ್ಟು ಜಗಳಗಂಟಿ. ಅದು ದಕ್ಷಿಣದಿಂದ ದೇಶದೇಶ ದಾಟಿ, ನಮ್ಮ ಹಿತ್ತಲಿನ ಕೆಂಪು ಹೂವಿನ ಕರೆಂಟ್ ಗಿಡ, ದೀಪದ ಕರೆಂಟಲ್ಲ, ಗಿಡದ ಹೆಸರೇ ಅದು, ಗೊಂಚಲು ಗೊಂಚಲಾಗಿ ಬಿಡುವ ಹೊತ್ತಿಗೆ ಸರಿಯಾಗಿ ಬಂದಿಳಿಯುತ್ತದೆ. ಮಾರ್ಚ್ ಬಂದರೆ ಇವರು ಬೆಳಗಿನ ಚಹಾ ಹಿಡಿದು ಹಿತ್ತಲಿನ ಗಾಜಿನ ಬಾಗಿಲ ಹತ್ತಿರ ಕಾಯುತ್ತಿದ್ದರು. ಬಂದ ದಿನ "ಬಂತು" ಅಂತ ಒಂದೇ ಮಾತು. ಬೀಗರು ಬಂದರೂ ಆ ಮುಖದಲ್ಲಿ ಅಷ್ಟು ಬೆಳಕು ಕಂಡಿಲ್ಲ ನಾನು.

ಹೋದ ಅಕ್ಟೋಬರಿನಲ್ಲಿ ಒಂದು ಮಧ್ಯಾಹ್ನ ಇವರು ಗಿಡದ ಹತ್ತಿರ ಬಗ್ಗಿದವರು ಏಳಲಿಲ್ಲ. ಓಡಿಹೋಗಿ ನೋಡಿದರೆ ಬಲಗೈ ಕೆಳಗೆ ಜೋತಿತ್ತು, ಬಾಯಿ ಒಂದು ಕಡೆಗೆ ಎಳೆದಿತ್ತು. ಏನೋ ಹೇಳುತ್ತಿದ್ದರು, ಅದು ಯಾವ ಭಾಷೆಯೂ ಆಗಿರಲಿಲ್ಲ. ಆಂಬುಲೆನ್ಸಿಗೆ ಫೋನ್ ಮಾಡಿದಾಗ ಆ ಕಡೆಯ ಹುಡುಗಿ ಹೆಸರು ಕೇಳಿದಳು. ಅಂಥ ಹೊತ್ತಿನಲ್ಲೂ ಅದು ನಾಲಿಗೆಯ ತುದಿಗೆ ಬಂದು ಹಿಂದಕ್ಕೆ ಹೋಯಿತು. ಆಮೇಲೆ ಹೇಳಿದೆ, ಅವರ ಹೆಸರು, ಅವರ ಅಪ್ಪನ ಹೆಸರು, ಅಡ್ಡಹೆಸರು, ಕಿರುಚಿ ಹೇಳಿದೆ. ನೆಲದ ಮೇಲೆ ಮಲಗಿದ್ದವರು ನನ್ನ ಕಡೆ ಕಣ್ಣು ತಿರುಗಿಸಿ ನೋಡಿದರು. ಅವರು ತಮ್ಮ ಹೆಸರನ್ನು ನನ್ನ ಬಾಯಲ್ಲಿ ಕೇಳಿದ್ದು ಅದೇ ಮೊದಲ ಸಲ, ಅದೂ ಹೀಗೆ ಅಂತ ನನಗೆ ಅಳು ಬಂತು.

ಜೀವ ಉಳಿಯಿತು. ಕಾಲು ಎಳೆದುಕೊಂಡು ನಾಲ್ಕು ಹೆಜ್ಜೆ ಹಾಕುವಷ್ಟಾದರು. ಹೋದದ್ದು ಮಾತು. ಮಾತು ಕಲಿಸಲು ಬರುವ ಮೇಗನ್ ಅನ್ನುವ ಹುಡುಗಿ ನನಗೆ ತಿಳಿಸಿ ಹೇಳಿದಳು: ತಿಳಿವಳಿಕೆ ಇದೆ, ವಸ್ತು ಯಾವುದು ಅಂತಲೂ ಗೊತ್ತು, ಆದರೆ ಹೆಸರು ಹುಡುಕಿದರೆ ಕೈಗೆ ಸಿಗುವುದಿಲ್ಲ. ವಿಚಿತ್ರ ಅಂದರೆ ಸಂಜೆ ದೀಪ ಹಚ್ಚಿ ನಾನು ಸ್ತೋತ್ರ ಶುರು ಮಾಡಿದರೆ ಇವರು ಕಡೆಯವರೆಗೂ ಒಂದಕ್ಷರ ತಪ್ಪದೆ ಹೇಳುತ್ತಿದ್ದರು. ಮುಗಿದ ಮೇಲೆ ನೀರು ಬೇಕಾದರೆ ಬರೀ ಲೋಟ ತೋರಿಸುತ್ತಿದ್ದರು. ಹಾಡು, ಪ್ರಾರ್ಥನೆ, ಬಾಯಿಪಾಠ ಮಾಡಿದ್ದು, ಇವೆಲ್ಲ ಮೆದುಳಿನಲ್ಲಿ ಬೇರೆ ಹಾದಿಯಿಂದ ಬರುತ್ತವೆ, ಆಶ್ಚರ್ಯಪಡಬೇಡಿ ಅಂದಳು ಮೇಗನ್. ಅವರಿಗೆ ಪ್ರೀತಿಯ ವಸ್ತುಗಳನ್ನೇ ಹಿಡಿದು ಅಭ್ಯಾಸ ಮಾಡಿಸಿ ಅಂತಲೂ ಹೇಳಿದಳು.

ಪ್ರೀತಿಯ ವಸ್ತು ಅಂದರೆ ಹಿತ್ತಲು. ಗಾಜಿನ ಬಾಗಿಲ ಹತ್ತಿರ ಅವರ ಕುರ್ಚಿ ಹಾಕಿ, ಪಕ್ಕದಲ್ಲಿ ಸಣ್ಣ ಸ್ಟೂಲಿನ ಮೇಲೆ ನಾನು ಕೂತೆ. "ಇದೇನ್ರಿ?" ಅಂತ ಬೆರಳು ತೋರಿಸುವುದು. ಆದರೆ ಸರಿ ಹೆಸರು ನನಗೇ ಬಾರದು, ಕಡ್ಡಿ ನೋಡಿದರೆ ಖಾಲಿ. ಫೋನಿನಲ್ಲಿ ಗಿಡ ಗುರುತಿಸುವ ಆ್ಯಪ್ ಹಾಕಿಕೊಂಡೆ. ಅದು ಒಂದು ದಿನ ಪೊದೆ ಅಂದರೆ ಇನ್ನೊಂದು ದಿನ ಬಳ್ಳಿ ಅನ್ನುತ್ತಿತ್ತು, ಒಮ್ಮೆ ನನ್ನ ಸೀರೆಯ ಸೆರಗನ್ನೂ ಯಾವುದೋ ಲಿಲ್ಲಿಯ ಜಾತಿಗೆ ಸೇರಿಸಿತು. ಸಾಕಾಗಿ ಒಂದು ದಿನ ಉಳಿದಿದ್ದ ಕೊನೆಯ ಫ್ಯೂಷಿಯಾ ತೋರಿಸಿ ನನ್ನ ಹಳೇ ಚಾಳಿಯಲ್ಲೇ "ಝುಮಕಿ ಹೂವು" ಅಂದೆ. ಇವರು ತಲೆಯನ್ನು ಜೋರಾಗಿ ಅಡ್ಡ ಅಲ್ಲಾಡಿಸಿದರು. ತುಟಿ ಬಿಗಿದು, ಹುಬ್ಬು ಗಂಟಿಕ್ಕಿ, ಥೇಟ್ ಮೊದಲಿನ ಸಿಟ್ಟೇ. ನನಗೆ ಆದ ಸಂತೋಷ ಹೇಳಲಾರೆ. ಸರಿ ಹೆಸರು ಬರದಿದ್ದರೇನು, ತಪ್ಪು ಹೆಸರು ತಪ್ಪು ಅಂತ ಗೊತ್ತಾಗುತ್ತದಲ್ಲ. ಆಮೇಲೆ ಬೇಕಂತಲೇ ತಪ್ಪು ಹೇಳತೊಡಗಿದೆ. ಮಹೋನಿಯಾಕ್ಕೆ ಬಂದ ಹಸಿರು ಆನಾ ತೋರಿಸಿ "ರೂಫಸ್" ಅಂದರೆ ತಲೆ ಅಡ್ಡ. "ಆನಾ" ಅಂದರೆ, "ಹೂಂ." ಹೀಗೆ ಚಳಿಗಾಲ ಸರಿಯುತ್ತಿತ್ತು.

ಹಾಗಿರುವಾಗ ಒಂದು ದಿನ ಮೇಗನ್ ಬಂದಿದ್ದಳು. ನಮ್ಮ ಮಗಳು ಸ್ನೇಹಾ ಪಕ್ಕದ ಊರು ಕರ್ಕ್‌ಲ್ಯಾಂಡಿನಲ್ಲಿರುವವಳು, ಅವಳೂ ಬಂದಿದ್ದಳು. ಮೇಗನ್ ಮನೆಯವರ ಫೋಟೋ ಇಟ್ಟುಕೊಂಡು ಕೇಳಿದಳು. ಮಗಳ ಫೋಟೋ ತೋರಿಸಿ "ಸ್ನೇಹಾ?" ಅಂದರೆ "ಹೂಂ" ಅಂದರು. ನನ್ನ ಫೋಟೋ ತೋರಿಸಿ "ಇವರು ಯಾರು?" ಅಂದರೆ ಮಾತಿಲ್ಲ. "ನಿಮ್ಮ ಹೆಂಡತಿಯಾ?" "ಹೂಂ." "ವಸುಧಾ?" ಇವರು ತಲೆಯನ್ನು ಅಡ್ಡ ಅಲ್ಲಾಡಿಸಿದರು. ಮೇಗನ್ ಇನ್ನೊಮ್ಮೆ, ನಿಧಾನಕ್ಕೆ ಕೇಳಿದಳು. ಮತ್ತೆ ಅಲ್ಲಾಡಿಸಿದರು.

ಸ್ನೇಹಾ ಎದ್ದು ಅಡಿಗೆಮನೆಗೆ ಹೋದಳು. ನಾನು ಹಿಂದೆಯೇ ಹೋದೆ. "ಅಮ್ಮಾ, ಹಿ ಡಸ್‌ಂಟ್ ನೋ ಯೂ" ಅಂತ ಅತ್ತಳು. ನಾನು ಅವಳ ಬೆನ್ನು ಸವರಿ, "ಹುಚ್ಚಿ, ಆರಾಮ ಇದ್ದಾಗೂ ನಿಮ್ಮಪ್ಪಗ ಈ ಪ್ರಶ್ನೆ ಕೇಳಿದ್ರ ಹಿಂಗಽ ಕೂಡ್ತಿದ್ರು. ಹೆಸರು ಹಿಡದು ಕರದಾರೇನು ಯಾವತ್ತರ?" ಅಂದೆ. ಅವಳು ಮೂಗು ಒರೆಸಿಕೊಂಡು ನಕ್ಕಳು. ಅವಳಿಗೆ ಸಮಾಧಾನ ಹೇಳಿದೆ ಸರಿ, ನನಗೆ ಯಾರು ಹೇಳಬೇಕು? ಸುಮ್ಮನೆ ಕೂರುವುದು ಬೇರೆ, ಅಲ್ಲ ಅನ್ನುವುದು ಬೇರೆ. ಊಟ ಬಡಿಸುವಾಗ, ಅಂಗಿಯ ಗುಂಡಿ ಹಾಕುವಾಗ, ಅವರ ಕಣ್ಣನ್ನು ಹುಡುಕುತ್ತಿದ್ದೆ. ಅಲ್ಲಿ ಗುರುತು ಇದ್ದ ಹಾಗೇ ಕಾಣುತ್ತಿತ್ತು. ಆದರೆ ದಿನಾ ಅನ್ನ ಹಾಕುವ ಕೈಯನ್ನು ಯಾರಾದರೂ ಗುರುತು ಹಿಡಿಯುತ್ತಾರೆ. ನಾನು ಬರೀ ಆ ಕೈ ಮಾತ್ರ ಆಗಿಬಿಟ್ಟೆನೇ? ಹೆಸರು ಬೇಡ ಅಂದುಕೊಂಡೇ ಬಾಳಿದವಳು, ಈಗ ಒಂದು ಸಲ ಆ ಬಾಯಿಂದ ನನ್ನ ಹೆಸರು ಕೇಳಬೇಕು ಅಂತ ದೇವರ ಮುಂದೆ ನಿಂತು ಬೇಡಿಕೊಳ್ಳುವ ಹಾಗಾಯಿತು. ಸ್ನೇಹಾ ಬಂದಾಗಲೆಲ್ಲ ಪಕ್ಕ ಕೂತು "ವಸುಧಾ, ಸೇ ಇಟ್ ಅಪ್ಪಾ, ವ-ಸು-ಧಾ" ಅಂತ ಹೇಳಿಕೊಡುತ್ತಿದ್ದಳು. ಇವರು ಮುಖ ತಿರುಗಿಸುತ್ತಿದ್ದರು. ನಾನು ಆ ಹೊತ್ತಿಗೆ ಏನಾದರೂ ಕೆಲಸ ಮಾಡಿಕೊಂಡು ಒಳಗೇ ಇರುತ್ತಿದ್ದೆ.

ಮಾರ್ಚ್ ಬಂತು. ಕರೆಂಟ್ ಗಿಡದಲ್ಲಿ ಎಲೆಗಿಂತ ಮೊದಲು ಕೆಂಪು ಗೊಂಚಲು ಇಳಿಬಿದ್ದವು. ಶನಿವಾರ ಬೆಳಗ್ಗೆ ಇವರು ಕುರ್ಚಿಯಲ್ಲಿ, ಪಕ್ಕದಲ್ಲಿ ಸ್ನೇಹಾ, ನಾನು ಒಲೆಯ ಮುಂದೆ ಉಪ್ಪಿಟ್ಟಿಗೆ ರವೆ ಹುರಿಯುತ್ತಿದ್ದೆ. ಚಳಿ ಇತ್ತು, ಬಾಗಿಲು ಹಾಕಿತ್ತು. ಇದ್ದಕ್ಕಿದ್ದ ಹಾಗೆ ಗಾಜಿನ ಮೇಲೆ ಟಕಟಕ ಸದ್ದಾಯಿತು. ತಿರುಗಿ ನೋಡಿದರೆ ಇವರು ಎಡಗೈಯಿಂದ ಗಾಜು ಬಡಿಯುತ್ತಿದ್ದಾರೆ. ಆಚೆ ಗೊಂಚಲಿನ ಮುಂದೆ ತಾಮ್ರದ ಬಣ್ಣದ್ದು, ಗಾಳಿಯಲ್ಲಿ ನಿಂತು ಕುಡಿಯುತ್ತಿತ್ತು.

"ಏನು ಬೇಕು ಅಪ್ಪಾ? ಹೊರಗೆ ಹೋಗ್ಬೇಕಾ? ಡೋರ್? ಸೇ ಡೋರ್, ಅಪ್ಪಾ" ಅಂದಳು ಸ್ನೇಹಾ.

"ಬಾ..." ಅಂದರು. "ಬಾ... ಬಾ..." ಕತ್ತಿನ ನರ ಉಬ್ಬಿತು. ಅಲ್ಲಿಂದ ಮುಂದಕ್ಕೆ ಸಾಗಲಿಲ್ಲ. ಕಣ್ಣು ಮುಚ್ಚಿ ಕುರ್ಚಿಗೆ ಒರಗಿದರು. ನಾನು ಉರಿ ಆರಿಸಿ ಅವರ ಹತ್ತಿರ ಬಂದು ನಿಂತೆ. ಕಣ್ಣು ತೆರೆದು ಒಮ್ಮೆ ಹಕ್ಕಿಯನ್ನು ನೋಡಿದರು, ಒಮ್ಮೆ ನನ್ನನ್ನು. ಆಮೇಲೆ ನೆಲ ನೋಡುತ್ತ, ಸ್ತೋತ್ರ ಹೇಳುವ ಹಾಗೆ, ಒಂದೇ ಉಸಿರಿಗೆ:

"ಹಿತ್ತಲದಾಗ ಅರಳ್ಯಾವ ಅಬ್ಬಲಿಗಿ ಹೂವ,
ಶಾರದಾ ಬಂದಾಳ, ಬಾಗಲಾ ತಗಿಯವ್ವ."

ನನ್ನ ಕೈಯಲ್ಲಿ ಸಟ್ಟುಗ ಇತ್ತು. ಅದನ್ನು ಎಲ್ಲಿಡಬೇಕು ಅಂತ ತಿಳಿಯಲಿಲ್ಲ. ಚಳಿಗಾಲವಿಡೀ ನನ್ನನ್ನು ತಿಂದ ಆ ತಲೆಯಾಡಿಸುವಿಕೆ ಏನೆಂದು ಆಗ ಅರ್ಥವಾಯಿತು. ಫ್ಯೂಷಿಯಾವನ್ನು ಝುಮಕಿ ಅಂದಾಗ ಆಡಿಸಿದ್ದರಲ್ಲ, ಅದೇ. ಇವರು ಎಂದೂ ಯಾವುದಕ್ಕೂ ತಪ್ಪು ಹೆಸರು ಒಪ್ಪಿದವರೇ ಅಲ್ಲ.

ಸ್ನೇಹಾಳ ಮುಖ ಬಿಳಿಚಿತ್ತು. ಅಪ್ಪ ಇಷ್ಟು ಉದ್ದ ಮಾತಾಡಿದ್ದು ಒಂದು ಕಡೆ, ಗೊತ್ತಿಲ್ಲದ ಹೆಂಗಸಿನ ಹೆಸರು ಇನ್ನೊಂದು ಕಡೆ. ಮೆತ್ತಗೆ ಕೇಳಿದಳು: "ಅಮ್ಮಾ, ಹೂ ಈಸ್ ಶಾರದಾ?"

"ನಾನು" ಅಂದೆ.

ಇವರು ತಲೆಯೆತ್ತಿ "ಹೂಂ" ಅಂದರು. ಕಿವಿ ಕೆಂಪಾಗಿದ್ದವು, ಅವತ್ತು ಹೊಸ್ತಿಲ ಹೊರಗೆ ನಿಂತಾಗ ಆದ ಹಾಗೆಯೇ. ಅವತ್ತು ಬಾಗಿಲು ತೆಗೆದವರು ನಮ್ಮ ಅತ್ತೆ. ಈಗ ಒಳಗಿದ್ದವಳು ನಾನೇ. ಸಟ್ಟುಗ ಮಗಳ ಕೈಗೆ ಕೊಟ್ಟು, ಚಿಲಕ ಸರಿಸಿ, ಬಾಗಿಲು ತೆಗೆದೆ.